ಹ್ಯಾಲೋವೀನ್ ಎಲ್ಲಿಂದ ಬಂತು? ಕ್ರೈಸ್ತರ ಮನೇಲಿ ಹೇಗೆ ಮಾಡ್ತೀರಾ?

ಡಲ್ಲಾಸ್ ಅಮ್ಮ:
ಎಲ್ರಿಗೂ ನಮಸ್ಕಾರ. ನಾವು ಮೈಸೂರು ಕಡೆಯೋರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಈಗ ಅಮೆರಿಕದ ಡಲ್ಲಾಸ್ ಹತ್ರ ಇದೀವಿ. ಇಲ್ಲಿ ಅಕ್ಟೋಬರ್ 31ರ ಸಂಜೆ ಹ್ಯಾಲೋವೀನ್, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳ್ತಾರೆ. ಅಕ್ಟೋಬರ್ ಬಂತಂದ್ರೆ ಬೀದಿ ತುಂಬಾ ಕುಂಬಳಕಾಯಿ, ಅಸ್ಥಿಪಂಜರ. ಮಗಳು ಒಂದನೇ ಕ್ಲಾಸು, ಎಲ್ರೂ ವೇಷ ಹಾಕ್ತಾರೆ ನಂಗೂ ಬೇಕು ಅಂತ ಹಠ, ಊರಿಂದ ಅತ್ತೆ ಫೋನ್ ಮಾಡಿ ಅದು ಸೈತಾನನ ಹಬ್ಬ ಹತ್ರಾನೂ ಸೇರಿಸ್ಬೇಡಿ ಅಂತಾರೆ, ಇಲ್ಲಿ ನೋಡಿದ್ರೆ ಸಭೆಯವರೇ ಚರ್ಚ್ ಪಾರ್ಕಿಂಗ್‌ನಲ್ಲಿ ಕಾರ್ ಡಿಕ್ಕಿ ತೆಗೆದು ಕ್ಯಾಂಡಿ ಹಂಚ್ತಾರೆ. ನಿಜವಾಗ್ಲೂ ಇದರ ಮೂಲ ಏನು? ತಿಳಿದವರು ಹೇಳಿ, ಅತ್ತೆಗೂ ಗೌರವದಿಂದ ಉತ್ತರ ಕೊಡ್ಬೇಕು ನಂಗೆ.

ಹಳೇ ಪುಟಗಳು:
ಹೆಸರಲ್ಲೇ ಇದೆ ಮೇಡಂ, ಹ್ಯಾಲೋ ಅಂದ್ರೆ ಹಳೇ ಇಂಗ್ಲಿಷಲ್ಲಿ ಸಂತ, ಈನ್ ಅಂದ್ರೆ ಸಂಜೆ, ಅದು ನವೆಂಬರ್ 1ರ ಸಕಲ ಸಂತರ ಹಬ್ಬದ ಹಿಂದಿನ ಸಂಜೆ, ಕ್ರಿಸ್‌ಮಸ್ ಈವ್ ಇದ್ದ ಹಾಗೆ. ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆ ಅದೇ ಹೊತ್ತಿಗೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ಸಾವಿನ್ (Samhain) ಅನ್ನೋ ಹಬ್ಬ ಇತ್ತು, ಅದು ನಿಜ. ಆದ್ರೆ ಚರ್ಚು ಅದನ್ನೇ ಕದ್ದು ಹೆಸರು ಬದಲಾಯಿಸ್ತು ಅಂತ ಪ್ರತಿ ವರ್ಷ ವಾಟ್ಸಾಪಲ್ಲಿ ಬರುತ್ತಲ್ಲ, ಅದು ಅಷ್ಟು ಸುಲಭ ಇಲ್ಲ. 609ರಲ್ಲಿ ಪೋಪ್ 4ನೇ ಬೋನಿಫೇಸ್ ರೋಮ್‌ನ ಪ್ಯಾಂಥಿಯನ್ ಗುಡೀನ ಮರಿಯಮ್ಮನಿಗೂ ಎಲ್ಲ ರಕ್ತಸಾಕ್ಷಿಗಳಿಗೂ ಅರ್ಪಿಸಿದ್ದು ಮೇ 13ಕ್ಕೆ. ಐರ್ಲೆಂಡ್‌ನ ಹಳೇ ಪಂಚಾಂಗದಲ್ಲಿ ಇಂಥ ಸ್ಮರಣೆ ಇದ್ದದ್ದು ಏಪ್ರಿಲ್‌ನಲ್ಲಿ. ನವೆಂಬರ್ 1 ಗಟ್ಟಿಯಾಗಿದ್ದು 800ರ ಸುಮಾರಿಗೆ ಇಂಗ್ಲೆಂಡ್, ಜರ್ಮನ್ ಸೀಮೆ ಕಡೆ, ಆಮೇಲೆ 835ರಲ್ಲಿ ಚಕ್ರವರ್ತಿ ಲೂಯಿ ತನ್ನ ಫ್ರಾಂಕ್ ರಾಜ್ಯಕ್ಕೆಲ್ಲ ಜಾರಿ ಮಾಡ್ದ. ಸಾವಿನ್ ಇದ್ದ ಐರ್ಲೆಂಡಿಗೇ ಈ ತಾರೀಕು ಹೊರಗಿಂದ ಬಂದಿರ್ಬೇಕಾದ್ರೆ ಅಲ್ಲಿಂದ ಕದ್ದಿದ್ದು ಅನ್ನೋದು ಹೇಗೆ?

ಮನೆಮನೆಗೆ ಹೋಗಿ ಬೇಡೋದಕ್ಕೂ ಕ್ರೈಸ್ತ ಹಿನ್ನೆಲೆ ಇದೆ. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ 998ರ ಸುಮಾರಿಗೆ ನವೆಂಬರ್ 2ನ್ನ ಸತ್ತವರ ಪ್ರಾರ್ಥನೆಗೆ ಅಂತ ಇಟ್ಟ, ಇಂಗ್ಲೆಂಡಲ್ಲಿ ಬಡವರು ಮಕ್ಕಳು ಮನೆ ಮುಂದೆ ನಿಂತು ಆ ಮನೆಯ ತೀರಿಹೋದವರಿಗಾಗಿ ಪ್ರಾರ್ಥನೆ ಮಾಡಿ ಚಿಕ್ಕ ಕೇಕ್ ಇಸ್ಕೊಳ್ತಿದ್ರು. ದೆವ್ವ, ರಕ್ತ, ಭಯಾನಕ ಮುಖವಾಡ ಇಷ್ಟೊಂದು ಜೋರಾಗಿದ್ದು ಅಂಗಡಿಗಳು ಇದನ್ನ ವ್ಯಾಪಾರ ಮಾಡ್ಕೊಂಡ ಮೇಲೆ.

ಮಂಗಳೂರು ಟು ಡಬ್ಲಿನ್:
ನಾನು ಕ್ಯಾಥೊಲಿಕ್, ಈಗ ಐರ್ಲೆಂಡಲ್ಲೇ ಇರೋದು. ಇಲ್ಲಿ ಮೊದಲು ಕೊರೀತಿದ್ದಿದ್ದು ಕುಂಬಳಕಾಯಿ ಅಲ್ಲ ಟರ್ನಿಪ್ ಗೆಡ್ಡೆ, ಮೇಯೋ ಜಿಲ್ಲೆಯ ಕಾಸಲ್‌ಬಾರ್ ಮ್ಯೂಸಿಯಂನಲ್ಲಿ ಅಂಥದ್ದೊಂದರ ಅಚ್ಚು ಇಟ್ಟಿದಾರೆ, ನೋಡಿದ್ರೆ ಕುಂಬಳಕಾಯಿಗಿಂತ ಹೆದರಿಕೆ ಆಗುತ್ತೆ. ಆಲೂಗಡ್ಡೆ ಬರಗಾಲದಲ್ಲಿ ಅಮೆರಿಕಕ್ಕೆ ಹೋದ ಜನರ ಜೊತೆ ಪದ್ಧತೀನೂ ಹೋಯ್ತು, ಅಲ್ಲಿ ಕುಂಬಳಕಾಯಿ ಸಿಕ್ತು. ನಮ್ಮನೇಲಿ ಮೂರು ದಿನಾನೂ ಒಟ್ಟಿಗೇ ಹಿಡಿತೀವಿ: 31ಕ್ಕೆ ಮಕ್ಕಳು ಸಂತರ ವೇಷ, 1ಕ್ಕೆ ಪೂಜೆ, 2ಕ್ಕೆ ಅಪ್ಪ ಅಮ್ಮನ ಫೋಟೋ ಮುಂದೆ ಮೇಣದಬತ್ತಿ. ಊರಲ್ಲಾದ್ರೆ ಆ ದಿನ ಸಿಮಿತ್ರಿಗೆ ಹೋಗಿ ಸಮಾಧಿ ತೊಳೆದು ಹೂ ಇಟ್ಟು ಬರ್ತೀವಲ್ಲ, ಅದರ ಬದಲಿಗೆ. 31ನ್ನ ಮಾತ್ರ ಕತ್ತರಿಸಿ ಅಂಗಡಿಯವರಿಗೆ ಬಿಟ್ಟುಕೊಟ್ಟಿದ್ದೇ ನಮ್ಮ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ.

ವಾಕ್ಯಪ್ರಿಯ:
ಇತಿಹಾಸ ಒಪ್ತೀನಿ ಆದ್ರೂ ನಮ್ಮನೇಲಿ ಮಾಡಲ್ಲ. ನಾವು ಸತ್ತವರಿಗಾಗಿ ಪ್ರಾರ್ಥನೆ ಮಾಡೋರಲ್ಲ, ಮತ್ತೆ ಭಯ ಅನ್ನೋದನ್ನ ಆಟ ಮಾಡೋದು ಚಿಕ್ಕ ಮಕ್ಕಳ ಮನಸ್ಸಿಗೆ ಒಳ್ಳೇದಲ್ಲ ಅನ್ಸುತ್ತೆ. ನಮಗೆ ಅಕ್ಟೋಬರ್ 31 ಅಂದ್ರೆ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ 1517ರಲ್ಲಿ ತನ್ನ 95 ವಾದಗಳನ್ನ ಆರ್ಚ್‌ಬಿಷಪ್‌ಗೆ ಬರೆದು ಕಳಿಸಿದ ದಿನ. ಸಂಜೆ ಮಕ್ಕಳನ್ನ ಕೂರಿಸ್ಕೊಂಡು ಆ ಕಥೆ ಹೇಳಿ ಕೀರ್ತನೆ ಹಾಡ್ತೀವಿ, ಊಟ ಜೋರಾಗಿರುತ್ತೆ. ಆಚರಿಸೋರನ್ನ ನಾನು ತೀರ್ಪು ಮಾಡಲ್ಲ, ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ದಿನಗಳ ಬಗ್ಗೇನೇ ಮಾತಾಡುತ್ತೆ. ಅತ್ತೆ ಜೊತೆ ಅದನ್ನೇ ಓದಿ.

ಸಂಡೇಸ್ಕೂಲ್ ಟೀಚರ್:
ಅಕ್ಕ, ವೇಷ ಹಾಕ್ಸಿ, ಯಾವ ವೇಷ ಅನ್ನೋದನ್ನ ನೀವೇ ಆರಿಸಿ. ಇಬ್ರಿಯರಿಗೆ ಪತ್ರ 12ನೇ ಅಧ್ಯಾಯದಲ್ಲಿ ಮೇಘದಂತೆ ಸಾಕ್ಷಿಗಳು ನಮ್ಮ ಸುತ್ತ ಇದಾರೆ ಅಂತ ಇದೆಯಲ್ಲ, ಅವರಲ್ಲಿ ಒಬ್ಬರು. ದೆಬೋರ, ರಾಣಿ ಎಸ್ತೇರ್, ಇಲ್ಲಾಂದ್ರೆ ತನ್ನ ಮೇಲಂಗಿ ಕತ್ತರಿಸಿ ಅರ್ಧ ಭಿಕ್ಷುಕನಿಗೆ ಕೊಟ್ಟ ಸಂತ ಮಾರ್ಟಿನ್. ನಮ್ಮ ಸಂಡೇಸ್ಕೂಲಲ್ಲಿ ಒಬ್ಬ ಹುಡುಗ ಕಿಟ್ಟೆಲ್ ಆಗಿದ್ದ, ಕೈಲಿ ದಪ್ಪ ರಟ್ಟಿನ ನಿಘಂಟು, ಮೇಲೆ 1894 ಅಂತ ಬರೆದಿತ್ತು, ಅಮೆರಿಕದ ಮಕ್ಕಳೆಲ್ಲ ಯಾರಿವರು ಅಂತ ಕೇಳಿದ್ದೇ ಕೇಳಿದ್ದು, ಅವನು ಬಾಸೆಲ್ ಮಿಷನ್ ಕಥೆಯೆಲ್ಲ ಹೇಳ್ದ.

ಇನ್ನೊಂದು, ಹ್ಯಾಲೋವೀನ್ ಸಂಜೆ ಮಕ್ಕಳು ಯುನಿಸೆಫ್ (ವಿಶ್ವಸಂಸ್ಥೆಯ ಮಕ್ಕಳ ನಿಧಿ) ಡಬ್ಬಿ ಹಿಡಿದು ಕಾಸು ಕೇಳೋದು ಶುರುವಾಗಿದ್ದೇ ಒಬ್ಬ ಪ್ರೆಸ್ಬಿಟೇರಿಯನ್ ಪಾದ್ರಿ ಮನೆಯಿಂದ, ಫಿಲಡೆಲ್ಫಿಯಾದಲ್ಲಿ, 1950ರಲ್ಲಿ, ಕ್ಲೈಡ್ ಆಲಿಸನ್ ಮತ್ತೆ ಅವರ ಹೆಂಡತಿ ಮೇರಿ ಎಮ್ಮಾ. ಹಾಲಿನ ಡಬ್ಬಿಯಲ್ಲಿ ಒಟ್ಟುಮಾಡಿದ್ದು 17 ಡಾಲರ್, ಯುದ್ಧದಲ್ಲಿ ನೊಂದ ಮಕ್ಕಳಿಗೆ. ನಿಮ್ಮ ಮಗಳ ಕೈಗೂ ಒಂದು ಡಬ್ಬಿ ಕೊಡಿ, ಬಂದ ದುಡ್ಡು ಎಲ್ಲಿಗೆ ಅಂತ ಅವಳೇ ಹೇಳ್ಲಿ.

ಡಲ್ಲಾಸ್ ಅಮ್ಮ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಎಸ್ತೇರ್ ಅಂದ್ರೆ ಕಿರೀಟ ಇರುತ್ತೆ ಅಂತ ಮಗಳು ಈಗ್ಲೇ ಒಪ್ಕೊಂಡ್ಳು. ವಾಕ್ಯಪ್ರಿಯ ಅವರೇ, ಅತ್ತೆ ಜೊತೆ ರೋಮಾಪುರ 14 ಭಾನುವಾರ ಓದ್ತೀನಿ. ಟೀಚರ್, ಮನೆ ಮುಂದಿನ ಲೈಟ್ ಹಾಕಿಡೋದಾ ಆರಿಸೋದಾ?

ಸಂಡೇಸ್ಕೂಲ್ ಟೀಚರ್:
ಹಾಕಿಡಿ. ಲೈಟ್ ಇದ್ರೆ ಬನ್ನಿ ಅಂತ ಅರ್ಥ ಅಲ್ಲಿ, ವರ್ಷವಿಡೀ ಮಾತಾಡದ ಅಕ್ಕಪಕ್ಕದವರು ಆವತ್ತು ತಾವಾಗೇ ಮೆಟ್ಟಿಲು ಹತ್ತಿ ಬರ್ತಾರೆ. ಒಳ್ಳೆ ಚಾಕ್ಲೇಟೇ ಇಡಿ.