ಪದಚರ್ಚೆ: ದೂರದರ್ಶಕದ ಕನ್ನಡಿಗೆ ‘ಕಲಾಯಿ’ ಎನ್ನಬಹುದೇ?

ಮಾನ್ಯರೇ,

ಹವ್ಯಾಸಕ್ಕೆಂದು ಮನೆಯಲ್ಲಿ ಇಟ್ಟುಕೊಂಡಿರುವ ದೂರದರ್ಶಕವೊಂದಕ್ಕೆ ಕಳೆದ ಮಳೆಗಾಲದಲ್ಲಿ ಪೆಟ್ಟಾಯಿತು. ಅದರ ವಿಮಾ ಪರಿಹಾರಕ್ಕಾಗಿ ನಾನು ಕನ್ನಡದಲ್ಲಿ ಬರೆದುಕೊಟ್ಟ ಒಂದು ಪುಟದ ಹೇಳಿಕೆಯನ್ನು ಓದಿದವರು, ನಾನು ಹೇಳಬೇಕೆಂದಿದ್ದುದಕ್ಕೆ ತೀರ ಬೇರೆಯಾದ ಅರ್ಥವನ್ನು ಅದರಿಂದ ತೆಗೆದರು. ತಪ್ಪು ಓದಿದವರದ್ದೆಂದು ಮೊದಲು ನನಗೆ ಅನಿಸಿತ್ತು. ಹೇಳಿಕೆಯನ್ನು ನಾನೇ ಎರಡು ಮೂರು ಸಲ ಓದಿದ ಮೇಲೆ, ತಪ್ಪು ನಾನು ಆರಿಸಿಕೊಂಡ ಪದಗಳಲ್ಲಿಯೇ ಇದ್ದಿರಬಹುದೆಂಬ ಅನುಮಾನ ಹುಟ್ಟಿದೆ. ಪರಿಷ್ಕರಿಸಿದ ಹೇಳಿಕೆಯನ್ನು ಕಳುಹಿಸುವ ಮೊದಲು ಬಲ್ಲವರ ಅಭಿಪ್ರಾಯವನ್ನು ಕೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿರುವ ನಮ್ಮದು ಹಂಚಿನ ಮನೆ. ಜುಲೈ ತಿಂಗಳ ಒಂದು ರಾತ್ರಿಯ ಗಾಳಿಗೆ ಮಾಡಿನ ರೀಪೊಂದು ಮುರಿದು, ಎರಡು ಹಂಚುಗಳು ಉಪ್ಪರಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದ ದೂರದರ್ಶಕದ ಮೇಲೆ ಬಿದ್ದವು. ಅದು ಎಂಟು ಇಂಚು, ಎಂದರೆ 203 ಮಿಲಿಮೀಟರ್ ವ್ಯಾಸದ ನಿಮ್ನ ಕನ್ನಡಿಯನ್ನು ತಳದಲ್ಲಿಟ್ಟುಕೊಂಡಿರುವ ನ್ಯೂಟನ್ ಮಾದರಿಯ ಉಪಕರಣ. ಬಾಯಿಯ ಮುಚ್ಚಳ ತುಂಡಾಗಿ ಹಂಚಿನ ಚೂರುಗಳು ಕೊಳವೆಯೊಳಗೆ ಇಳಿದವು. ಕನ್ನಡಿಯ ಅಂಚಿನಿಂದ ಉಗುರಿನಷ್ಟು ಚಕ್ಕೆ ಎದ್ದಿತು. ಬೆಳಗಿನವರೆಗೆ ಸೋರಿದ ನೀರು ಹಂಚಿನ ಹುಡಿಯನ್ನು ಕನ್ನಡಿಯ ಮುಖದ ಮೇಲೆ ಹರಡಿ, ಅಲ್ಲಿದ್ದ ಅಲ್ಯೂಮಿನಿಯಂ ಲೇಪವನ್ನು ಅಲ್ಲಲ್ಲಿ ಗೀರಿ, ಕೆಲವೆಡೆ ಎಬ್ಬಿಸಿಬಿಟ್ಟಿತು. ಮೇಲಿನ ಚಿಕ್ಕ ಓರೆಗನ್ನಡಿಯನ್ನು ಹಿಡಿದಿದ್ದ ಪಟ್ಟಿಗಳು ಬಾಗಿದವು. ಕೊಳವೆ ನೆಗ್ಗಿದ್ದು ಎಲ್ಲರ ಕಣ್ಣಿಗೆ ಮೊದಲು ಬೀಳುತ್ತದೆಯಾದರೂ ನಿಜವಾಗಿ ನೋಡಿದರೆ ಅದು ಎಲ್ಲಕ್ಕಿಂತ ಸಣ್ಣ ತೊಂದರೆ.

ನನ್ನ ಹೇಳಿಕೆಯಲ್ಲಿದ್ದ ವಾಕ್ಯವನ್ನು ಇದ್ದಂತೆಯೇ ಕೊಡುತ್ತೇನೆ: “ದೂರದರ್ಶಕದ ಕೊಳವೆ ನೆಗ್ಗಿದೆ, ಕನ್ನಡಿಯ ಅಂಚು ಒಡೆದಿದೆ, ಕನ್ನಡಿಯ ಲೇಪ ಹಾಳಾಗಿದೆ, ಕನ್ನಡಿಗಳ ಜೋಡಣೆ ಹಾಳಾಗಿದೆ; ಕನ್ನಡಿಗೆ ಹೊಸದಾಗಿ ಕಲಾಯಿ ಹಾಕಿಸಿ ದುರಸ್ತಿ ಮಾಡಿಸಬೇಕಾಗಿದೆ.” ಬಂದ ಉತ್ತರದ ಸಾರಾಂಶವೇನೆಂದರೆ, ನೆಗ್ಗಿದ್ದು ಮತ್ತು ಒಡೆದದ್ದು ಅಪಘಾತದ ಲೆಕ್ಕಕ್ಕೆ ಸೇರುತ್ತವೆ, ಹಾಳಾದದ್ದು ಎರಡೂ ಕಾಲಕ್ರಮದ ಸವೆತ, ಕಲಾಯಿ ಎಂಬುದು ವಾಡಿಕೆಯ ನಿರ್ವಹಣೆಯ ಖರ್ಚು, ಆದುದರಿಂದ ಆ ಎರಡಕ್ಕೆ ಪರಿಹಾರ ಸಲ್ಲುವುದಿಲ್ಲ. ಆ ಪತ್ರದಲ್ಲಿ ವಸ್ತುವಿನ ಹೆಸರು “ದೂರದರ್ಶನ, ಒಂದು” ಎಂದಿತ್ತು. ಟೀವಿಗೆ ಕನ್ನಡಿ ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಒಂದು ಪ್ರತ್ಯಯದ ಅಂತರದಲ್ಲಿ ನಿಂತಿರುವ ಈ ಎರಡು ಸಂಸ್ಕೃತ ಪದಗಳಿಗಿಂತ, ದೂರ ನೋಡುವುದು ಎಂಬ ಅದೇ ಅರ್ಥವನ್ನು ಪಾರ್ಸಿಯಿಂದ ಹೊತ್ತು ತಂದ ಹಳೆಯ ‘ದುರ್ಬೀನು’ ಅರ್ಜಿಗಳ ಮಟ್ಟಿಗೆ ಹೆಚ್ಚು ಸುರಕ್ಷಿತವೆಂದು ನನಗೆ ಈಗ ತೋರುತ್ತದೆ. ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ಮೊದಲನೆಯ ಪ್ರಶ್ನೆ ‘ಹಾಳಾಗು’ ಎಂಬುದರ ಬಗ್ಗೆ. ಈ ಕ್ರಿಯಾಪದ ನಮ್ಮ ಮಾತಿನಲ್ಲಿ ಎಷ್ಟು ಅಗಲವಾಗಿ ಹರಡಿಕೊಂಡಿದೆಯೆಂದರೆ, ಹಾಲು, ಹೊಟ್ಟೆ, ರಸ್ತೆ, ಹುಡುಗ, ಗಡಿಯಾರ, ಸಂಜೆ ಎಲ್ಲವೂ ಹಾಳಾಗುತ್ತವೆ. ಆದರೆ ಹಾಳಾದದ್ದು ಹೇಗೆಂಬುದನ್ನು ಅದು ಹೇಳುವುದಿಲ್ಲ. ಒಂದೇ ಏಟಿಗೆ ಕೆಟ್ಟದ್ದನ್ನೂ ಹತ್ತು ವರ್ಷಗಳಲ್ಲಿ ಕೆಟ್ಟದ್ದನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ವಿಮೆಯ ವ್ಯವಹಾರ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ಹಾಗೆಂದು ಕನ್ನಡದಲ್ಲಿ ಪದಗಳಿಲ್ಲವೆಂದಲ್ಲ. ಉಜ್ಜುವಿಕೆಯಿಂದ ಕರಗುವುದು ಸವೆಯುತ್ತದೆ: ಚಪ್ಪಲಿ, ನಾಣ್ಯ, ಮೆಟ್ಟಿಲು. ಗಾಳಿ, ಬೆವರು ಮತ್ತು ಕಾಲದಿಂದ ಕಳೆಗುಂದುವುದು ಮಾಸುತ್ತದೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು, ಅನ್ನಕ್ಕೆ ಹಳಸು, ನಮ್ಮ ಕರಾವಳಿಯ ಆಷಾಢದಲ್ಲಿ ಚರ್ಮದ ಚೀಲದಿಂದ ಹಿಡಿದು ಗಾಜಿನವರೆಗೆ ಯಾವುದನ್ನೂ ಬಿಡದ ಬೂಸ್ಟು. ನನ್ನ ಉಪಕರಣದ ಒಂದು ಕಣ್ಣುಮಸೂರಕ್ಕೆ ಎರಡು ವರ್ಷಗಳ ಹಿಂದೆಯೇ ಬೂಸ್ಟು ಹಿಡಿದಿತ್ತು; ಅದು ಹಂಚು ಬಿದ್ದು ಆದದ್ದಲ್ಲವಾದುದರಿಂದ ಅದನ್ನು ನಾನು ಪಟ್ಟಿಗೆ ಸೇರಿಸಿಯೂ ಇರಲಿಲ್ಲ.

ಹೀಗೆ ನಿಧಾನದ ಕೇಡಿಗೆ ನಮ್ಮಲ್ಲಿ ವಸ್ತುವಿಗೊಂದರಂತೆ ಕ್ರಿಯಾಪದವಿದೆ. ಹಠಾತ್ತಾದ ಕೇಡಿಗೆ ಇರುವ ಪದಗಳು ಆಕಾರವನ್ನು ಹೇಳುತ್ತವೆ: ನೆಗ್ಗು, ಚಕ್ಕೆ ಏಳು, ಬಿರುಕು ಬಿಡು, ಸೀಳು, ಗೀರು. ಇವೆಲ್ಲವನ್ನೂ ಒಳಗೊಂಡು, ಹೊರಗಿನಿಂದ ಪೆಟ್ಟು ಬಿತ್ತೆಂಬುದನ್ನೂ ತನ್ನೊಳಗೇ ಇಟ್ಟುಕೊಂಡಿರುವ ಒಂದು ಪದವನ್ನು ಹುಡುಕಿದರೆ ನನಗೆ ಸಿಗುವುದು ಪತ್ರಿಕೆಗಳ ಅಪಘಾತದ ಸುದ್ದಿಯಲ್ಲಿ ದಿನವೂ ಕಾಣುವ ‘ಜಖಂ’. ಪಾರ್ಸಿಯಲ್ಲಿ ಅದಕ್ಕೆ ಗಾಯ ಎಂದೇ ಅರ್ಥ. ವಸ್ತು ತನ್ನಿಂದ ತಾನೇ ಹಾಳಾಗಬಹುದು, ತನ್ನಿಂದ ತಾನೇ ಜಖಂ ಆಗಲಾರದು. ಆದರೆ ಬಸ್ಸು, ಲಾರಿ, ದೋಣಿಗಳಿಗೆ ಒಗ್ಗಿಹೋಗಿರುವ ಈ ಪದವನ್ನು, ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ದಪ್ಪವಿರುವ ಲೋಹದ ಪದರಕ್ಕೆ ಬಳಸಿದರೆ ಕಿವಿಗೆ ಹೇಗೆ ಕೇಳುತ್ತದೆ? ‘ಲೇಪ ಜಖಂಗೊಂಡಿದೆ’ ಎಂಬುದು ನನಗೆ ತುಸು ಒರಟೆನಿಸಿದರೂ ಅರ್ಥದಲ್ಲಿ ಸರಿಯೆನಿಸುತ್ತದೆ.

‘ಒಡೆದಿದೆ’ ಎಂಬುದು ಒಪ್ಪಿಗೆಯಾಗಿದೆಯಾದರೂ ಅದು ಬೇರೊಂದು ಬಗೆಯ ತೊಡಕನ್ನು ತಂದಿತು. ಈ ಧಾತು ಸಕರ್ಮಕವೂ ಹೌದು, ಅಕರ್ಮಕವೂ ಹೌದು. ‘ಕಾಯಿ ಒಡೆದೆ’ ಎನ್ನುತ್ತೇವೆ, ‘ಹಾಲು ಒಡೆಯಿತು’ ಎಂದೂ ಎನ್ನುತ್ತೇವೆ. ಅದನ್ನು ಒತ್ತಟ್ಟಿಗಿಟ್ಟರೂ, ‘ಕನ್ನಡಿ ಒಡೆದಿದೆ’ ಎಂದ ಕೂಡಲೇ ಕೇಳುವವರ ಮನಸ್ಸಿನಲ್ಲಿ ಕನ್ನಡಿ ಮುಗಿದೇಹೋಗುತ್ತದೆ. ಒಡೆದ ಕನ್ನಡಿ ಮನೆಯಲ್ಲಿರಬಾರದೆಂದು ನಮ್ಮ ಅತ್ತೆಯವರು ಅದನ್ನು ಹೊರಗಿಡಿಸುವುದರಲ್ಲಿದ್ದರು. ಪರಿಶೀಲನೆಗೆ ಬಂದವರು ಅದನ್ನು ಗುಜರಿಯ ಬೆಲೆಗೆ ಹಿಡಿಯಲು ಹೊರಟಿದ್ದರು. ನಿಜಸ್ಥಿತಿ ಹಾಗಿಲ್ಲ. ಕನ್ನಡಿಯ ಮುಖದ ವಿಸ್ತಾರ ಸುಮಾರು 324 ಚದರ ಸೆಂಟಿಮೀಟರ್. ಎದ್ದುಹೋದ ಚಕ್ಕೆ ಹೆಚ್ಚೆಂದರೆ ಒಂದು ಚದರ ಸೆಂಟಿಮೀಟರ್. ಆ ಗಾಯಕ್ಕೆ ಕಪ್ಪು ಬಣ್ಣ ಬಳಿದು ಬೆಳಕು ಅಡ್ಡಾದಿಡ್ಡಿ ಚದರದಂತೆ ಮಾಡಿದರೆ, ಶನಿಯ ಬಳೆ ಹಿಂದಿನಂತೆಯೇ ಕಾಣುತ್ತದೆ. ಆದುದರಿಂದ ಇಲ್ಲಿ ‘ಚಕ್ಕೆ ಎದ್ದಿದೆ’ ಎಂಬುದೊಂದೇ ಸರಿಯಾದ ಪ್ರಯೋಗ. ಬಿರುಕು ಬಿಟ್ಟಿದ್ದರೆ ಮಾತು ಬೇರೆ; ಬಿರುಕು ಗಾಜಿನ ಒಳಗೆ ಸಾಗುತ್ತದೆ, ಚಕ್ಕೆ ಎದ್ದಲ್ಲಿಗೇ ನಿಲ್ಲುತ್ತದೆ.

ಇನ್ನು ಶೀರ್ಷಿಕೆಯ ಪ್ರಶ್ನೆ. ‘ಕಲಾಯಿ’ ಎಂದು ನಾನು ಬರೆದದ್ದು ಉದ್ದೇಶಪೂರ್ವಕವಾಗಿಯೇ. ಮನೆಯ ಗೋಡೆಗನ್ನಡಿ ಹಳೆಯದಾದಾಗ ‘ರಸ ಹೋಗಿದೆ’ ಎನ್ನುತ್ತಾರೆ. ಕನ್ನಡಿಯ ಬೆನ್ನಿಗೆ ತವರ ಮತ್ತು ಪಾದರಸ ಹಚ್ಚುತ್ತಿದ್ದ ಕಾಲದ ಮಾತು ಅದು. ಜರ್ಮನಿಯ ಲೀಬಿಗ್ 1835ರಲ್ಲಿ ಗಾಜಿನ ಮೇಲೆ ಬೆಳ್ಳಿಯ ತೆಳು ಪದರವನ್ನು ಕೂರಿಸುವ ದಾರಿಯನ್ನು ತೋರಿಸಿದ ಮೇಲೆ ಪಾದರಸ ಕ್ರಮೇಣ ಹಿಂದೆ ಸರಿಯಿತು, ಮಾತು ಮಾತ್ರ ನಮ್ಮಲ್ಲಿ ಉಳಿಯಿತು. ಆದರೆ ದೂರದರ್ಶಕದ ಕನ್ನಡಿಗೆ ‘ರಸ’ ಹೊಂದುವುದಿಲ್ಲ, ಏಕೆಂದರೆ ಅದರ ಲೇಪವಿರುವುದು ಗಾಜಿನ ಬೆನ್ನಿನಲ್ಲಲ್ಲ, ಮುಖದಲ್ಲಿ. ಪಾತ್ರೆಯ ಒಳಮೈಗೆ ತವರದ ತೆಳು ಪದರ ಕೊಡುವ ಕಲಾಯಿಗೇ ಅದು ಹೆಚ್ಚು ಹತ್ತಿರ. ಎರಡರಲ್ಲಿಯೂ ಹಳೆಯದನ್ನು ಪೂರ್ತಿ ತೆಗೆದು ಮೈಯನ್ನು ಶುದ್ಧಗೊಳಿಸಬೇಕು, ಎರಡರಲ್ಲಿಯೂ ಒಂದು ಲೋಹವನ್ನು ಕಾಯಿಸಿ ಆ ಮೈಯ ಮೇಲೆ ತೆಳುವಾಗಿ ಕೂರಿಸಬೇಕು. ನವಸಾಗರದ ಹೊಗೆಯ ಬದಲು ಇಲ್ಲಿ ಗಾಳಿಯನ್ನು ಹೊರಗೆಳೆದ ಪೆಟ್ಟಿಗೆ, ಬಟ್ಟೆಯಲ್ಲಿ ಒರೆಸಿ ಹರಡುವ ತವರದ ಬದಲು ಟಂಗ್‌ಸ್ಟನ್ ತಂತಿಯ ಕಾವಿಗೆ ಆವಿಯಾಗಿ ಗಾಜಿನ ಮೇಲೆ ಕೂರುವ ಅಲ್ಯೂಮಿನಿಯಂ, ವ್ಯತ್ಯಾಸ ಅಷ್ಟೇ. ತವರವೆಂಬ ಅರ್ಥದ ಅರಬ್ಬಿ ಪದದಿಂದ ಬಂದಿರುವ ಕಲಾಯಿಯನ್ನು ಅಲ್ಯೂಮಿನಿಯಂಗೆ ಹಿಗ್ಗಿಸುವುದು ತಪ್ಪೆಂದು ಯಾರಾದರೂ ಹೇಳಿದರೆ, ಎಣ್ಣೆ ಎಂದರೆ ಎಳ್ಳಿನದು ಮಾತ್ರವೇ ಎಂದು ನಾನು ಮರಳಿ ಕೇಳಬೇಕಾದೀತು.

ಅರ್ಥ ಹೊಂದುತ್ತದೆ, ಧ್ವನಿ ಹೊಂದುವುದಿಲ್ಲ, ತೊಡಕಿರುವುದು ಇಲ್ಲಿ. ಕಲಾಯಿ ಎಂದರೆ ವರ್ಷಕ್ಕೊಮ್ಮೆಯೋ ಎರಡು ಸಲವೋ ಮನೆಯ ಮುಂದೆ ತಿದಿ ಹೂಡಿ ಕುಳಿತವರಿಗೆ ಪಾತ್ರೆಗಳನ್ನು ಹೊರಹಾಕುವ ವಾಡಿಕೆ. ಅದನ್ನು ಯಾರೂ ನಷ್ಟವೆಂದು ಎಣಿಸಿದವರಿಲ್ಲ. ಒಳ್ಳೆಯ ಕಸುಬಿನ ಪದಗಳೆಲ್ಲ ಹೀಗೆ ಪದೇ ಪದೇ ಮಾಡುವ ಕೆಲಸದ ವಾಸನೆಯನ್ನು ಹೊತ್ತಿರುವುದರಿಂದ, ಒಮ್ಮೆ ಆದ ಅನಾಹುತವನ್ನು ಸರಿಪಡಿಸುವುದನ್ನು ಹೇಳಲು ಅವು ಒದಗುವುದಿಲ್ಲವೇನೋ ಎಂಬ ಸಂಶಯ ನನಗಿದೆ. ‘ಬೆಳಗು’ ಇನ್ನೂ ಅಪಾಯಕಾರಿ. ನ್ಯೂಟನ್ 1668ರಲ್ಲಿ ಮಾಡಿದಂಥ ಲೋಹಗನ್ನಡಿಗಳು ಮಾಸಿದಾಗ ಅವುಗಳನ್ನು ಉಜ್ಜಿ ಬೆಳಗಲೇಬೇಕಾಗಿತ್ತು. ಈಗಿನ ಲೇಪದ ಕನ್ನಡಿಯನ್ನು ಪಾತ್ರೆಯಂತೆ ಬೆಳಗಿದರೆ ಉಳಿದಿರುವ ಲೇಪವೂ ಬಟ್ಟೆಯಲ್ಲೇ ಬರುತ್ತದೆ. ‘ಜೀರ್ಣೋದ್ಧಾರ’ ಎಂದು ಬರೆಯಿರಿ, ಮುಗಿದ ಮೇಲೆ ಬ್ರಹ್ಮಕಲಶವನ್ನೂ ಇಟ್ಟುಕೊಳ್ಳೋಣ ಎಂದು ಮಿತ್ರರೊಬ್ಬರು ಸಲಹೆಯಿತ್ತರು. ‘ಪುನರ್ಲೇಪನ’ ಎಂಬ ಪಠ್ಯಪುಸ್ತಕದ ಪದಕ್ಕೆ ಈ ಯಾವ ವಾಸನೆಯೂ ಇಲ್ಲ. ಅದು ನನಗೆ ಇಷ್ಟವಿಲ್ಲದಿರುವುದಕ್ಕೂ ಕಚೇರಿಗೆ ಅದು ಒಗ್ಗುವುದಕ್ಕೂ ಕಾರಣ ಒಂದೇ.

ಇದಕ್ಕೆ ಹೊಂದಿಕೊಂಡಿರುವ ‘ಸವಕಳಿ’ಯ ಬಗ್ಗೆ ಒಂದು ಮಾತು. ಲೆಕ್ಕಪತ್ರದಲ್ಲಿ ವಸ್ತುವಿನ ಬೆಲೆಯಿಂದ ವರ್ಷಕ್ಕಿಷ್ಟೆಂದು ಕಳೆಯುವುದಕ್ಕೆ ಈ ಪದ ನೆಲೆಯೂರಿದೆ, ಅದನ್ನು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಯಾರ ಕೈಯೂ ಸೋಕದೆ ಕೊಳವೆಯ ತಳದಲ್ಲಿ ಕುಳಿತಿರುವ ಗಾಜು ಸವೆಯುವುದು ಹೇಗೆ? ಲೇಪ ಮಾಸುತ್ತದೆ, ಕಡಲ ಗಾಳಿಯಲ್ಲಿ ಬೇಗನೆ ಮಾಸುತ್ತದೆ, ಅದರ ಮಟ್ಟಿಗೆ ಕಡಿತವನ್ನು ಒಪ್ಪುತ್ತೇನೆ. ಗಾಜಿಗೂ ಲೇಪಕ್ಕೂ ಒಟ್ಟಾಗಿ ಒಂದೇ ಸವಕಳಿ ಹಾಕಿದ್ದಕ್ಕೆ ಪದದ ಸಡಿಲತೆಯೂ ಸ್ವಲ್ಪ ಕಾರಣವೆಂದು ನನ್ನ ಭಾವನೆ.

ಕೊನೆಯದಾಗಿ, ನನಗೆ ಉತ್ತರವೇ ತೋರದ ಪ್ರಶ್ನೆ. ತಳದ ಕನ್ನಡಿ, ಮೇಲಿನ ಓರೆಗನ್ನಡಿ ಮತ್ತು ಕಣ್ಣುಮಸೂರ ಈ ಮೂರರ ಅಕ್ಷಗಳು ಒಂದಕ್ಕೊಂದು ಕೂಡಿಕೊಳ್ಳುವಂತೆ, ಕನ್ನಡಿಯ ಬೆನ್ನಿನ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಹೊಂದಿಸುವ ಕೆಲಸವನ್ನು ಎಲ್ಲರೂ ‘ಕಾಲಿಮೇಶನ್’ ಎನ್ನುತ್ತಾರೆ. ಕೂಡಿದೆಯೇ ಎಂದು ತಿಳಿಯಲು ಒಂದು ನಕ್ಷತ್ರವನ್ನು ಬೇಕೆಂದೇ ತುಸು ಮಸುಕಾಗಿಸಿ ನೋಡಬೇಕು. ಕಾಣುವ ಉಂಗುರಗಳು ಒಂದರೊಳಗೊಂದು ಸಮನಾಗಿ ಕುಳಿತಿದ್ದರೆ ಸರಿ, ಒಂದು ಬದಿಗೆ ವಾಲಿದ್ದರೆ ತಪ್ಪು. ಆ ಪದದ ಹುಟ್ಟೇ ಒಂದು ತಮಾಷೆ: ನೇರ ಗೆರೆಗೆ ತರುವುದು ಎಂಬ ಅರ್ಥದ ಲ್ಯಾಟಿನ್ ಪದ ‘ಕೊಲ್ಲಿನೆಯಾರೆ’. ಅದನ್ನು ಯಾರೋ ‘ಕೊಲ್ಲಿಮಾರೆ’ ಎಂದು ತಪ್ಪಾಗಿ ಓದಿದರು, ಆ ತಪ್ಪೇ ವಿಜ್ಞಾನದಲ್ಲಿ ಗಟ್ಟಿಯಾಯಿತು. ಓಲೆಗರಿಯ ಪಾಠಗಳೊಡನೆ ಏಗಿದವರಿಗೆ ಇದು ಹೊಸದೇನಲ್ಲ.

ನಾವು ನಾಲ್ಕು ಮಂದಿ ಹವ್ಯಾಸಿಗಳು ನಮ್ಮೊಳಗೆ ಇದಕ್ಕೆ ‘ಶ್ರುತಿ ಮಾಡುವುದು’ ಎನ್ನುತ್ತೇವೆ. ಮದ್ದಳೆಯನ್ನು ಪ್ರತಿ ಆಟಕ್ಕೆ ಮೊದಲು ಶ್ರುತಿಗೆ ಕೂಡಿಸುವಂತೆ, ದೂರದರ್ಶಕವನ್ನೂ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದಾಗಲೆಲ್ಲ ಕೂಡಿಸಲೇಬೇಕು. ಆದುದರಿಂದ ಹೋಲಿಕೆ ಚೆನ್ನಾಗಿದೆ. ಆದರೆ ಇದೂ ಕಲಾಯಿಯಂತೆ ವಾಡಿಕೆಯ ಕೆಲಸವೇ ಆಗಿಬಿಡುವುದರಿಂದ ಪರಿಹಾರದ ಅರ್ಜಿಗೆ ಬಾರದು. ಮಾಡಿನ ರೀಪನ್ನು ಸರಿಮಾಡಲು ಬಂದ ಆಚಾರಿಯವರು, ಬಾಗಿದ ಪಟ್ಟಿಗಳನ್ನೂ ಕನ್ನಡಿಯ ತಿರುಪುಗಳನ್ನೂ ನೋಡಿ, “ಹಾಗಾದರೆ ಇದಕ್ಕೆ ನೂಲು ಹಿಡಿಯಬೇಕು ಅಂತ ಆಯ್ತಲ್ಲ” ಎಂದರು. ಮೂಲೆಮಟ್ಟ, ರಸಮಟ್ಟ, ತೂಕದ ಗುಂಡುಗಳ ಜಗತ್ತಿನಿಂದ ಬಂದ ಆ ಮಾತು ನನಗೆ ಏಕಾಕ್ಷೀಕರಣ, ಸಮರೇಖನ ಮೊದಲಾದ ಎಲ್ಲ ಪದಗಳಿಗಿಂತ ಹಿಡಿಸಿತು. ‘ನೂಲು ಹಿಡಿದಂತೆ’ ಎಂಬ ಪ್ರಯೋಗವನ್ನು ನಾನು ಬಲ್ಲೆ. ಹಿಡಿದಿದ್ದ ನೂಲು ಪೆಟ್ಟಿನಿಂದ ತಪ್ಪಿಹೋಯಿತು ಎಂಬುದನ್ನು ಹೇಳಲು ‘ನೂಲು ತಪ್ಪಿದೆ’ ಎನ್ನುವ ಬಳಕೆ ಬಡಗಿಗಳಲ್ಲಿಯೋ ಗಾರೆ ಕೆಲಸದವರಲ್ಲಿಯೋ ಉಂಟೇ, ಅಥವಾ ಅಲ್ಲಿ ಬೇರೆ ಕ್ರಿಯಾಪದವನ್ನು ಹಚ್ಚುತ್ತಾರೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಕಳುಹಿಸಬೇಕೆಂದಿರುವ ಹೊಸ ವಾಕ್ಯದ ಕರಡು ಹೀಗಿದೆ: “ಮಾಡಿನಿಂದ ಹಂಚು ಬಿದ್ದ ಪೆಟ್ಟಿಗೆ ದುರ್ಬೀನಿನ ಕೊಳವೆ ನೆಗ್ಗಿದೆ, ಕನ್ನಡಿಯ ಅಂಚಿನಿಂದ ಚಕ್ಕೆ ಎದ್ದಿದೆ, ಕನ್ನಡಿಯ ಮುಖದ ಲೇಪ ಗೀರಿ ಜಖಂಗೊಂಡಿದ್ದು ಪುನರ್ಲೇಪನ ಅಗತ್ಯವಾಗಿದೆ, ಪಟ್ಟಿಗಳು ಬಾಗಿ ಕನ್ನಡಿಗಳ ನೂಲು ತಪ್ಪಿದೆ.” ಇದರಲ್ಲಿ ತಿದ್ದಬೇಕಾದದ್ದಿದ್ದರೆ ಬರುವ ಸೋಮವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ, ಪತ್ರವನ್ನು ಮಂಗಳವಾರ ಬೆಳಿಗ್ಗೆ ಕೊಡಬೇಕಾಗಿದೆ.