‘ತೆಗೆಯಿರಿ’ ಎಂದರೆ ತೆರೆಯಬೇಕೇ, ಕಳಚಬೇಕೇ? – ಫೈರ್ ಅಲಾರಂ ಪ್ಯಾನಲ್ ಕೈಪಿಡಿಯ ಕೆಲವು ಕ್ರಿಯಾಪದಗಳು

ಮಾನ್ಯರೇ,

ವಸತಿ ಸಮುಚ್ಚಯಗಳ ಗೋಡೆಗೆ ಕೂರಿಸುವ ಫೈರ್ ಅಲಾರಂ ಕಂಟ್ರೋಲ್ ಪ್ಯಾನಲ್ ಒಂದರ ಅಳವಡಿಕೆ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದನ್ನು ಓದುವವರು ಸ್ಕ್ರೂಡ್ರೈವರ್ ಹಿಡಿದು ಏಣಿಯ ಮೇಲೆ ನಿಂತಿರುವ ವೈರ್‌ಮನ್‌ಗಳು. ನಾಮಪದಗಳಲ್ಲಿ ನನಗೆ ಹೆಚ್ಚು ತೊಡಕಾಗಲಿಲ್ಲ. ಧನಾಗ್ರ, ಋಣಾಗ್ರ ಎಂದು ಶಾಲೆಯಲ್ಲಿ ಕಲಿತವರೂ ಕೆಲಸದ ಜಾಗದಲ್ಲಿ ಪ್ಲಸ್, ಮೈನಸ್ ಎಂದೇ ಹೇಳುವುದರಿಂದ ನಾನೂ ಹಾಗೆಯೇ ಬರೆದೆ. ಎಡವಿದ್ದು ಕ್ರಿಯಾಪದಗಳಲ್ಲಿ, ಅದರಲ್ಲೂ ದಿನಕ್ಕೆ ನೂರು ಸಲ ಆಡುವ ‘ತೆಗೆ’ ಎಂಬ ಮಾತಿನಲ್ಲಿ.

ನನ್ನ ಮೊದಲ ಕರಡಿನಲ್ಲಿ ಹೀಗಿತ್ತು: “ಮೇನ್ ಆಫ್ ಮಾಡಿದ ನಂತರ ಬ್ಯಾಟರಿ ತೆಗೆದು ಕೆಲಸ ಮುಂದುವರಿಸಿ.” ಬ್ಯಾಟರಿಗೆ ಸೇರಿಸಿದ ವೈರನ್ನು ಕಳಚಬೇಕೆಂಬುದು ನನ್ನ ಉದ್ದೇಶವಾಗಿತ್ತು. ಕರಡನ್ನು ಓದಿ ನೋಡಲು ಒಪ್ಪಿದ್ದ ಎಲೆಕ್ಟ್ರಿಷಿಯನ್ ಒಬ್ಬರು ಬರೆದದ್ದನ್ನು ಬರೆದ ಹಾಗೆಯೇ ಪಾಲಿಸಿ, ವೈರುಗಳು ಇದ್ದ ಹಾಗೆಯೇ ಬ್ಯಾಟರಿಯನ್ನು ಪೆಟ್ಟಿಗೆಯಿಂದ ಎತ್ತಲು ಹೋದರು. ಅದು ವಾಲಿದಾಗ ಎರಡೂ ಟರ್ಮಿನಲ್‌ಗಳು ಪೆಟ್ಟಿಗೆಯ ಬಣ್ಣ ಕಿತ್ತ ಅಂಚಿಗೆ ಒಟ್ಟಿಗೆ ತಗುಲಿ, ಚಟ್ಟೆಂದು ನೀಲಿ ಕಿಡಿ ಹಾರಿ, ತಗಡಿನ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಕುಳಿ ಬಿದ್ದಿತು. ಅವರಿಗೇನೂ ಆಗಲಿಲ್ಲ. “ನೀವೇ ತೆಗಿ ಅಂತ ಬರ್ದಿದ್ರಲ್ಲ ಸಾರ್” ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇಂಥ ಪ್ಯಾನಲ್‌ಗೆ 230 ವೋಲ್ಟ್‌ನ ಮೇನ್ ಅಲ್ಲದೆ, ಸಾಮಾನ್ಯವಾಗಿ 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಸೇರಿಸಿ ಪಡೆದ 24 ವೋಲ್ಟ್‌ನ ಆಧಾರವೂ ಇರುತ್ತದೆ. ಕರೆಂಟ್ ಹೋದರೂ ಗಂಟೆ ಹೊಡೆಯಬೇಕಾದ ಯಂತ್ರವಾದ್ದರಿಂದ, ಮೇನ್ ಆಫ್ ಮಾಡಿದ ಮಾತ್ರಕ್ಕೆ ಅದು ಸ್ತಬ್ಧವಾಗುವುದಿಲ್ಲ. 12 ವೋಲ್ಟ್ ಬೆರಳಿಗೆ ಶಾಕ್ ಕೊಡದಿದ್ದರೂ, ಉಂಗುರವೋ ಸ್ಪ್ಯಾನರೋ ಪ್ಲಸ್ಸಿಗೂ ಮೈನಸ್ಸಿಗೂ ಅಡ್ಡ ಬಂದರೆ ಲೋಹ ಕಾದು ಚರ್ಮ ಸುಡುವಷ್ಟು ಕರೆಂಟ್ ಹರಿಯುತ್ತದೆ.

ಈಗ ‘ತೆಗೆ’ಯ ವಿಷಯಕ್ಕೆ ಬರುತ್ತೇನೆ. ಬಾಗಿಲು ತೆಗೆದರೆ ತೆರೆದಂತೆ, ಅಂಗಿ ತೆಗೆದರೆ ಕಳಚಿದಂತೆ, ಬಾವಿ ತೆಗೆದರೆ ತೋಡಿದಂತೆ, ಹಬ್ಬಕ್ಕೆ ಸೀರೆ ತೆಗೆದರೆ ಕೊಂಡಂತೆ. ‘ಅಂಗಡಿ ತೆಗೆದರು’ ಎಂಬುದು ಶುರುಮಾಡಿದರೆಂದೋ ಎತ್ತಂಗಡಿಯಾಯಿತೆಂದೋ ಸಂದರ್ಭವಿಲ್ಲದೆ ತಿಳಿಯದು. ‘ಹಾಕು’ ಕೂಡ ಇದರ ಜೋಡಿಯೇ: ಬಾಗಿಲು ಹಾಕಿದರೆ ಮುಚ್ಚುತ್ತದೆ, ಸ್ವಿಚ್ ಹಾಕಿದರೆ ದೀಪ ಹತ್ತುತ್ತದೆ, ಬ್ಯಾಟರಿ ಹಾಕಿದರೆ ಅದು ಪೆಟ್ಟಿಗೆಯಲ್ಲಿ ಕೂತಿತೇ ಅಥವಾ ವೈರಿಗೂ ಸೇರಿತೇ ಎಂಬುದು ಹೊಳೆಯುವುದಿಲ್ಲ. ಮನೆಯಲ್ಲಿ ಎದುರಿಗಿರುವವರ ಕೈ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ, ಕೈಪಿಡಿಗೆ ಆ ಕೈ ಇಲ್ಲ.

ಆದ್ದರಿಂದ ಒಂದು ಕೆಲಸಕ್ಕೆ ಒಂದೇ ಕ್ರಿಯಾಪದ ಎಂದು ಕಟ್ಟುಮಾಡಿಕೊಂಡು, ಪೆಟ್ಟಿಗೆಯ ಬಾಗಿಲಿಗೆ ‘ತೆರೆ’, ನಟ್ಟು ಬೋಲ್ಟಿಗೆ ‘ಬಿಚ್ಚು’, ಒತ್ತಿ ಸಿಕ್ಕಿಸುವ ವೈರಿಗೆ ‘ಕಳಚು’, ಬ್ಯಾಟರಿಯನ್ನು ಜಾಗದಿಂದ ಎತ್ತುವುದಕ್ಕೆ ‘ಹೊರಗಿಡು’ ಎಂದು ಗೊತ್ತುಪಡಿಸಿದ್ದೇನೆ. ತಿದ್ದಿದ ವಾಕ್ಯಗಳು ಹೀಗಿವೆ: “ಮೇನ್ ಆಫ್ ಮಾಡಿ. ಎರಡು ಬ್ಯಾಟರಿಗಳ ನಡುವಿನ ಜಂಪರ್ ವೈರನ್ನು ಮೊದಲು ಕಳಚಿ. ನಂತರ ಪ್ಲಸ್ ಮತ್ತು ಮೈನಸ್ ವೈರುಗಳನ್ನು ಕಳಚಿ, ತುದಿಗಳಿಗೆ ಟೇಪ್ ಸುತ್ತಿ. ಆಮೇಲೆ ಬ್ಯಾಟರಿಯನ್ನು ಹೊರಗಿಡಿ.” ಜಂಪರ್ ಕಳಚಿದ ಕ್ಷಣವೇ 24 ವೋಲ್ಟ್‌ನ ದಾರಿ ತುಂಡಾಗುವುದರಿಂದ ಈ ಕ್ರಮ, ಜೋಡಿಸುವಾಗ ಜಂಪರ್ ಕೊನೆಗೆ. ಆದರೂ ಒಂದೊಂದು ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ 12 ವೋಲ್ಟ್ ಉಳಿದೇ ಇರುತ್ತದೆ.

‘ಆರಿಸು’ವಿನದು ಇನ್ನೊಂದು ಫಜೀತಿ. ‘ವಲಯವನ್ನು ಆರಿಸಿ’ ಎಂದು ಬರೆದಿದ್ದೆ, ಪ್ಯಾನಲ್ ಕಾಯುವ ಕಟ್ಟಡದ ಹಲವು ಭಾಗಗಳಲ್ಲಿ, ಅಂದರೆ ವಲಯಗಳಲ್ಲಿ, ಒಂದನ್ನು ಆಯ್ದುಕೊಳ್ಳಿ ಎಂಬ ಅರ್ಥದಲ್ಲಿ. ಬೆಂಕಿಯ ಯಂತ್ರದ ಮುಂದೆ ನಿಂತವರಿಗೆ ‘ಆರಿಸಿ’ ಎಂದರೆ ನಂದಿಸುವುದೇ ನೆನಪಾಗುತ್ತದೆ! ಅದನ್ನು ‘ಆಯ್ಕೆ ಮಾಡಿ’ ಎಂದು ಬದಲಿಸಿದೆ.

‘ಬದಲಿ ಬ್ಯಾಟರಿ’ ಎಂಬುದನ್ನೂ ಕೈಬಿಟ್ಟೆ, ಏಕೆಂದರೆ ಓದಿದ ಇಬ್ಬರು ಅದನ್ನು ಬೀರುವಿನಲ್ಲಿ ಎತ್ತಿಡುವ ಹೆಚ್ಚಿನ ಬ್ಯಾಟರಿ ಎಂದುಕೊಂಡರು. ‘ಮೀಸಲು’ ಎಂಬುದೂ ಅತ್ತಲೇ ವಾಲುತ್ತದೆ. ಸದ್ಯಕ್ಕೆ ‘ಬ್ಯಾಕಪ್ ಬ್ಯಾಟರಿ’ ಎಂದೇ ಉಳಿಸಿದ್ದೇನೆ.

ಇನ್ನೂ ಬಗೆಹರಿಯದ್ದು ‘ಎಚ್ಚರಿಕೆ’. ಅಲಾರಂ ಎಂಬುದಕ್ಕೂ ಎಚ್ಚರಿಕೆ, ಕೈಪಿಡಿಯ ಸುರಕ್ಷತಾ ಸೂಚನೆಗೂ ಎಚ್ಚರಿಕೆ. ಮೇನ್ ಕೊಟ್ಟು ಬ್ಯಾಟರಿಯನ್ನು ಇನ್ನೂ ಜೋಡಿಸದೆ ಇರುವಾಗ ಹಳದಿ ದೀಪ ಹತ್ತಿ ಬಜರ್ ಕೂಗುವುದು ಸಹಜ. ಅದನ್ನು ‘ಎಚ್ಚರಿಕೆ ಸದ್ದು’ ಎಂದು ಬರೆದರೆ ಬೆಂಕಿಯೆಂದು ಓಡುವವರಿದ್ದಾರೆ. ಅಲ್ಲಿ ‘ದೋಷದ ಸದ್ದು’ ಎಂದಿಟ್ಟೆ. ಆದರೆ ಸುರಕ್ಷತಾ ಸೂಚನೆಗಳಲ್ಲಿ ಮೂರು ಹಂತಗಳಿವೆ: ಸಾವು ಅಥವಾ ತೀವ್ರ ಗಾಯ ಖಚಿತವೆನ್ನುವುದು, ಆಗಬಹುದೆನ್ನುವುದು, ಸಣ್ಣಪುಟ್ಟ ಗಾಯವಾದೀತೆನ್ನುವುದು. ಮೊದಲನೆಯದಕ್ಕೆ ವಿದ್ಯುತ್ ಕಂಬದ ತಲೆಬುರುಡೆ ಫಲಕದ ‘ಅಪಾಯ’ ಸರಿಯಾಗಿ ಕೂರುತ್ತದೆ. ಉಳಿದೆರಡಕ್ಕೆ ‘ಎಚ್ಚರಿಕೆ’, ‘ಜಾಗ್ರತೆ’ ಎಂದು ಇಟ್ಟಿದ್ದೇನಾದರೂ, ಇವೆರಡರಲ್ಲಿ ಯಾವುದು ಹೆಚ್ಚು ಗಂಭೀರ ಎಂದು ಕೇಳಿದರೆ ನನ್ನ ಕಿವಿಯೇ ತಡವರಿಸುತ್ತದೆ. ನಾಯಿಯಿರುವ ಮನೆಯ ಗೇಟಿನ ಮೇಲೂ ‘ಎಚ್ಚರಿಕೆ’ಯೇ ಅಲ್ಲವೇ?

ಬಲ್ಲವರಲ್ಲಿ ಎರಡು ಪ್ರಶ್ನೆಗಳು. ಈ ಎರಡು ಹಂತಗಳ ಅಂತರ ಓದಿದೊಡನೆ ತಿಳಿಯುವಂಥ ಜೋಡಿ ಪದಗಳು ನಿಮ್ಮ ಬಳಕೆಯಲ್ಲಿ ಇವೆಯೇ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ವೈರ್‌ಮನ್‌ಗಳು ಸಿಕ್ಕಿಸಿದ ವೈರನ್ನು ಬಿಡಿಸುವುದಕ್ಕೆ ‘ಕಳಚು’ ಎನ್ನುತ್ತಾರೆಯೇ, ಅಥವಾ ‘ಬಿಚ್ಚು’ ಎಂದೇ ಎರಡಕ್ಕೂ ಹೇಳುತ್ತಾರೆಯೇ?