ಹಿಮ್ಮಡಿ ಮೇಲಿನ ಟೆಂಡನ್ ನೋವು: ಆರು ವಾರ ಸುಮ್ಮನಿರಲೇ, ಭಾರ ಎತ್ತಲೇ?

ಕೇಳಿದ್ದು

ವಯಸ್ಸು 44, ವಾರಕ್ಕೆ ಸುಮಾರು 30 ಕಿ.ಮೀ. ಓಟ. ಐದು ತಿಂಗಳಿಂದ ಎಡಗಾಲಿನ ಅಕಿಲೀಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ನೋವು. ಹಿಮ್ಮಡಿ ಮೂಳೆಯಿಂದ ಮೂರು ಬೆರಳು ಮೇಲೆ ಗಂಟಿನಂತೆ ದಪ್ಪಗಾಗಿದೆ. ಬೆಳಿಗ್ಗೆ ಮೊದಲ ಹತ್ತು ಹೆಜ್ಜೆ ಕುಂಟುತ್ತೇನೆ, ಆಮೇಲೆ ಸಡಿಲವಾಗುತ್ತದೆ. ಒಬ್ಬರು ಆರು ವಾರ ಓಡಲೇಬೇಡಿ ಅಂದರು, ಇನ್ನೊಬ್ಬರು ಮೆಟ್ಟಿಲ ಅಂಚಿನಲ್ಲಿ ದಿನಕ್ಕೆ 180 ಸಲ ಹಿಮ್ಮಡಿ ಇಳಿಸಿ ಅಂದರು, ಮತ್ತೊಬ್ಬರು ಪಿಆರ್‌ಪಿ (ನಮ್ಮದೇ ರಕ್ತದಿಂದ ತೆಗೆದ ಪ್ಲೇಟ್ಲೆಟ್ ಸಾಂದ್ರ) ಇಂಜೆಕ್ಷನ್ ಅಂದರು. ಮೂರು ವಾರ ಬಿಟ್ಟು ನೋಡಿದೆ. ನೋವು ಹೋಯಿತು, ಓಡಿದ ಮಾರನೇ ದಿನವೇ ವಾಪಸ್ ಬಂತು. ಈಚಿನ ಸಂಶೋಧನೆ ಏನು ಹೇಳುತ್ತದೆ, ಮನೆಯಲ್ಲಿ ಮಾಡುವುದಾದರೆ ಹೇಗೆ ಎಂದು ಗೊತ್ತಿರುವವರು ತಿಳಿಸಿ.

ಫಿಸಿಯೊಥೆರಪಿಸ್ಟ್

ಮೊದಲು ಜಾಗ ಖಚಿತಪಡಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳಿನಿಂದ ಟೆಂಡನ್ನನ್ನು ಎರಡೂ ಪಕ್ಕದಿಂದ ಹಿಡಿದು, ಮೂಳೆಯಿಂದ ಮೇಲಕ್ಕೆ ಒಂದೊಂದು ಸೆಂಟಿಮೀಟರಿಗೂ ಹಿಸುಕುತ್ತ ಹೋಗಿ. ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲೆ ನೋವಿದ್ದರೆ ಅದು ಟೆಂಡನ್‌ನ ನಡುಭಾಗದ ತೊಂದರೆ. ಮೂಳೆಗೆ ಅಂಟಿದ ಜಾಗದಲ್ಲೇ ನೋವಿದ್ದರೆ ವ್ಯಾಯಾಮದ ವಿಧಾನ ಬೇರೆ. ನೀವು ಹೇಳಿದ್ದು ನಡುಭಾಗದ ಹಾಗೆ ಕಾಣುತ್ತದೆ.

ವ್ಯಾಯಾಮಕ್ಕೆ ಇಳಿಯುವ ಮುಂಚೆ ಕೆಲವನ್ನು ತಳ್ಳಿಹಾಕಬೇಕು. ಯಾರೋ ಹಿಂದಿನಿಂದ ಒದ್ದಂತೆ ಅನ್ನಿಸಿ, 'ಟಪ್' ಎಂದು ಕೇಳಿಸಿ, ಆಮೇಲೆ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಟೆಂಡನ್ ಹರಿದಿರಬಹುದು. ಬೋರಲು ಮಲಗಿ ಪಾದವನ್ನು ಮಂಚದಿಂದ ಹೊರಗೆ ಬಿಡಿ, ಇನ್ನೊಬ್ಬರು ಮೀನಖಂಡ ಹಿಸುಕಲಿ. ಪಾದ ಅಲುಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ನೋವು ಶುರುವಾಗಿದ್ದರೆ ಭಾರ ಎತ್ತದೆ ವೈದ್ಯರಿಗೆ ತಿಳಿಸಿ. ಈ ಔಷಧಿಗಳಿಂದ ಟೆಂಡನ್ ಹರಿಯುವ ಅಪಾಯವಿದೆ. 60 ದಾಟಿದವರಿಗೂ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರಿಗೂ ಅದು ಇನ್ನೂ ಹೆಚ್ಚು. ಎರಡೂ ಕಾಲಿಗೆ ನೋವು, ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ, ಜೊತೆಗೆ ಬೆನ್ನಿನ ಬಿಗಿತವೋ ಸೋರಿಯಾಸಿಸ್ಸೋ ಇದ್ದರೆ ಸಂಧಿವಾತದ ತಜ್ಞರನ್ನು ಕಾಣಬೇಕು. ಚಿಕ್ಕ ವಯಸ್ಸಿನಿಂದಲೇ ಎರಡೂ ಟೆಂಡನ್ ದಪ್ಪಗಿದ್ದರೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಆನುವಂಶಿಕ ಕೊಲೆಸ್ಟ್ರಾಲ್ ಕಾಯಿಲೆ ಹಾಗೆ ಕಾಣಿಸಿಕೊಳ್ಳುವುದುಂಟು.

ಮೂರು ವಾರ ಬಿಟ್ಟರೂ ನೋವು ವಾಪಸ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹೊರೆ ಬೀಳದಿದ್ದರೆ ನೋವು ತಗ್ಗುತ್ತದೆ. ಆದರೆ ಟೆಂಡನ್ನೂ ಮೀನಖಂಡವೂ ಆ ಹೊತ್ತಿಗೆ ಇನ್ನಷ್ಟು ಬಲ ಕಳೆದುಕೊಂಡಿರುತ್ತವೆ. ಓಡುವಾಗ ಈ ಟೆಂಡನ್ ಮೇಲೆ ದೇಹತೂಕದ ಆರೇಳು ಪಟ್ಟು ಎಳೆತ ಬೀಳುತ್ತದೆ. ಮೂರು ವಾರ ಸುಮ್ಮನಿದ್ದದ್ದು ಒಂದೇ ದಿನಕ್ಕೆ ಅದನ್ನು ಹೊರಬೇಕೆಂದರೆ ಹೇಗೆ?

ಪುನಶ್ಚೇತನ ಸಂಶೋಧನೆ ಓದಿಸುವವರು

ನಿಮಗೆ ಸಿಕ್ಕ ಮೂರು ಸಲಹೆಗೂ ಒಂದೊಂದು ಹಿನ್ನೆಲೆ ಇದೆ.

180ರ ಲೆಕ್ಕ 1998ರದು. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ ತಂಡ 15 ಓಟಗಾರರಿಗೆ ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡಿಸಿತು. ಮಂಡಿ ನೇರ ಇಟ್ಟು 3 ಸೆಟ್, ಮಡಿಸಿ 3 ಸೆಟ್, ಸೆಟ್ಟಿಗೆ 15, ದಿನಕ್ಕೆ ಎರಡು ಹೊತ್ತು, 12 ವಾರ. ಏರುವುದು ಚೆನ್ನಾಗಿರುವ ಕಾಲಿನಿಂದ, ಇಳಿಯುವುದು ನೋವಿನ ಕಾಲಿನಿಂದ. ಹದಿನೈದೂ ಜನ ಓಟಕ್ಕೆ ಮರಳಿದರು. ಅಲ್ಲಿಂದ ಆ ಸಂಖ್ಯೆಗೆ ಮಂತ್ರದ ಗೌರವ ಬಂತು. ಆದರೆ 2014ರ ಒಂದು ಪ್ರಯೋಗದಲ್ಲಿ ಒಂದು ಗುಂಪಿಗೆ 180, ಇನ್ನೊಂದಕ್ಕೆ 'ತಾಳುವಷ್ಟು ಮಾಡಿ' ಎಂದು ಹೇಳಿದಾಗ ಆರು ವಾರದ ಕೊನೆಗೆ ಎರಡನೆಯವರು ಹಿಂದೆ ಬಿದ್ದಿರಲಿಲ್ಲ.

'ಓಡಲೇಬೇಡಿ' ಎಂಬುದನ್ನು 2007ರಲ್ಲಿ ಕರಿನ್ ಸಿಲ್ಬರ್ನಾಗೆಲ್ ತಂಡ ಪರೀಕ್ಷಿಸಿತು. ಒಂದು ಗುಂಪು ಮೊದಲ ಆರು ವಾರ ಓಟ, ಜಿಗಿತ ಬಿಟ್ಟಿತು. ಇನ್ನೊಂದು ನೋವಿನ ಮಿತಿಯೊಳಗೆ ಮುಂದುವರಿಸಿತು. ವ್ಯಾಯಾಮ ಇಬ್ಬರಿಗೂ ಒಂದೇ. ಎರಡೂ ಗುಂಪು ಸುಧಾರಿಸಿದವು, ಓಡಿದವರಿಗೆ ನಷ್ಟವಾಗಲಿಲ್ಲ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು 2015ರ ಡೆನ್ಮಾರ್ಕ್ ಪ್ರಯೋಗ. ರಿಕ್ಕೆ ಬೇಯರ್ ತಂಡ 58 ಜನರಲ್ಲಿ ಆಲ್ಫ್ರೆಡ್ಸನ್ ಕ್ರಮವನ್ನು ವಾರಕ್ಕೆ ಮೂರೇ ದಿನದ 'ನಿಧಾನದ ಭಾರ' ಕ್ರಮದೊಂದಿಗೆ ಹೋಲಿಸಿತು. 12 ವಾರಕ್ಕೂ ಒಂದು ವರ್ಷಕ್ಕೂ ಫಲ ಹತ್ತಿರಹತ್ತಿರ ಒಂದೇ. ವ್ಯತ್ಯಾಸ ಬಿದ್ದದ್ದು ಸಮಯದಲ್ಲಿ: ಮೊದಲನೆಯದಕ್ಕೆ ವಾರಕ್ಕೆ 308 ನಿಮಿಷ, ಎರಡನೆಯದಕ್ಕೆ 107. ಹೇಳಿದಷ್ಟನ್ನು ಮಾಡಿದವರ ಪ್ರಮಾಣ 78 ಶೇಕಡಾ ಎದುರು 92. ಸಲಹೆ ಕೊಡುವ ಯಾರೂ ಮರೆಯಬಾರದ ಅಂಕಿ ಇದು.

2020ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯಲ್ಲಿ, ಸಕ್ರಿಯ ಚಿಕಿತ್ಸೆಗಳ ನಡುವೆ ರೋಗಿಗೆ ಗೊತ್ತಾಗುವಷ್ಟು ವ್ಯತ್ಯಾಸ ಸಿಗಲಿಲ್ಲ. ಅಮೆರಿಕದ ಫಿಸಿಯೊಥೆರಪಿ ಮಾರ್ಗಸೂಚಿಯ 2024ರ ಪರಿಷ್ಕರಣೆ ಟೆಂಡನ್ನಿಗೆ ಹೊರೆ ಕೊಡುವ ವ್ಯಾಯಾಮವನ್ನೇ ಮೊದಲ ಚಿಕಿತ್ಸೆಯಾಗಿ ಇಟ್ಟಿದೆ. ಯಾವ ವ್ಯಾಯಾಮ ಎಂಬ ಜಗಳಕ್ಕಿಂತ, ಹೊರೆ ಸಾಕಷ್ಟಿದೆಯೇ, ಹನ್ನೆರಡು ವಾರ ಬಿಡದೆ ನಡೆಯುತ್ತದೆಯೇ ಎಂಬುದೇ ಮುಖ್ಯ.

ಬಲವರ್ಧನೆ ತರಬೇತುದಾರರು

ಬೇಯರ್ ಕ್ರಮವನ್ನು ಮನೆಗೆ ಇಳಿಸುವುದು ಹೀಗೆ. ಒಂದು ಸಲ ಎಂದರೆ ಏರಲು 3 ಸೆಕೆಂಡು, ಇಳಿಯಲು 3 ಸೆಕೆಂಡು. ಫೋನಿನಲ್ಲಿ ಮೆಟ್ರೊನೋಮ್ (ತಾಳ ಹೊಡೆಯುವ ಆ್ಯಪ್) ನಿಮಿಷಕ್ಕೆ 60ಕ್ಕೆ ಇಟ್ಟುಕೊಳ್ಳಿ. ಮನಸ್ಸಿನಲ್ಲಿ ಎಣಿಸಿದರೆ ಮೂರು ಸೆಕೆಂಡು ಒಂದೂವರೆ ಆಗಿಬಿಡುತ್ತದೆ, ಎಲ್ಲರಿಗೂ.

ವಾರಗಳ ಹಂಚಿಕೆ: ಮೊದಲ ವಾರ 15ರ 3 ಸೆಟ್, 2, 3ನೇ ವಾರ 12ರ 3 ಸೆಟ್, 4, 5ರಲ್ಲಿ 10ರ 4 ಸೆಟ್, 6ರಿಂದ 8ರವರೆಗೆ 8ರ 4 ಸೆಟ್, 9ರಿಂದ 12ರವರೆಗೆ 6ರ 4 ಸೆಟ್. ಸಂಖ್ಯೆ ಇಳಿದಂತೆ ಭಾರ ಏರಬೇಕು. '8' ಎಂದರೆ ಒಂಬತ್ತನೆಯದು ಆಗದಷ್ಟು ಭಾರ. ಸೆಟ್ಟುಗಳ ನಡುವೆ 2–3 ನಿಮಿಷ ಬಿಡುವು. ವಾರದಲ್ಲಿ ಮೂರು ದಿನ, ದಿನ ಬಿಟ್ಟು ದಿನ. ಗಟ್ಟಿ ಹೊರೆ ಬಿದ್ದ ಮೊದಲ ಒಂದೂವರೆ ದಿನ ಟೆಂಡನ್ನಿನಲ್ಲಿ ಕೊಲಾಜನ್ (ಅದರ ಎಳೆಗಳ ಪ್ರೋಟೀನ್) ಒಡೆಯುವುದೇ ಹೆಚ್ಚು, ಕಟ್ಟುವುದು ಆಮೇಲೆ ಮುಂದಾಗುತ್ತದೆ. ದಿನವೂ ಇಷ್ಟು ಗಟ್ಟಿ ಭಾರ ಎತ್ತಿದರೆ ಕಟ್ಟಲು ಬಿಡುವು ಸಾಲದೇ ಹೋಗಬಹುದು.

ಮೂಲದಲ್ಲಿ ಜಿಮ್ಮಿನ ಮೂರು ವ್ಯಾಯಾಮ ಇವೆ, ಮನೆಯಲ್ಲಿ ಎರಡು ಸಾಕು. ಮೊದಲನೆಯದು ನಿಂತು, ಮಂಡಿ ನೇರ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಇಟ್ಟು, ಕಂಬಿಯನ್ನು ಎರಡು ಬೆರಳಿಂದ ಮುಟ್ಟಿಕೊಳ್ಳಿ. ಸಮತೋಲನಕ್ಕಷ್ಟೇ. ಮುಷ್ಟಿ ಕಟ್ಟಿ ಹಿಡಿದರೆ ಅರ್ಧ ಭಾರ ತೋಳಿಗೆ ಹೋಗುತ್ತದೆ. ಒಂಟಿ ಕಾಲಲ್ಲಿ ಹತ್ತು ಸಲ ಆಗದವರು ಎರಡೂ ಕಾಲಿನಿಂದ ಏರಿ ಒಂದರಿಂದ ಇಳಿಯಲಿ. ಒಂಟಿ ಕಾಲಲ್ಲಿ 15ರ ಮೂರು ಸೆಟ್ ಆರಾಮಾಗಿ ಆದ ದಿನ ಬೆನ್ನಚೀಲಕ್ಕೆ 5 ಕಿಲೋ ಹಾಕಿ. ಒಂದು ಲೀಟರ್ ನೀರಿನ ಬಾಟಲಿ ಒಂದು ಕಿಲೋ, ಲೆಕ್ಕ ಸುಲಭ. ಮುಂದೆ 2–3 ಕಿಲೋದಂತೆ ಏರಿಸಿ. ಚೀಲ 20 ಕಿಲೋ ದಾಟಿದರೆ ಹೆಗಲೂ ಸೊಂಟವೂ ಮೊದಲು ಸೋಲುತ್ತವೆ. ಅಲ್ಲಿಂದ ಮುಂದಕ್ಕೆ ಜಿಮ್ಮಿನ ಲೆಗ್ ಪ್ರೆಸ್ ಅಥವಾ ಸ್ಮಿತ್ ಮಷಿನ್ ಬೇಕೇ ಬೇಕು. ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ, ಆರನೇ ವಾರದ ಭಾರದಲ್ಲೇ ಹನ್ನೆರಡನೇ ವಾರ ಮುಗಿಸಿ 'ನನಗೆ ಹಿಡಿಸಲಿಲ್ಲ' ಅನ್ನುತ್ತಾರೆ.

ಎರಡನೆಯದು ಕುಳಿತು, ಮಂಡಿ 90 ಡಿಗ್ರಿ ಮಡಿಸಿ. ತೊಡೆಯ ಮೇಲೆ, ಮಂಡಿಗೆ ಹತ್ತಿರ ದಪ್ಪ ಟವೆಲ್ ಮಡಿಸಿಟ್ಟು ಅದರ ಮೇಲೆ ಭಾರ. ಇದು ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯುವಿಗೆ. ಅಕಿಲೀಸ್ ನೋವಿರುವ ಓಟಗಾರರಲ್ಲಿ ಬಲ ಕುಸಿದಿರುವುದು ಹೆಚ್ಚಾಗಿ ಇಲ್ಲೇ. ನೇರ ಮಂಡಿಯದನ್ನು ಮಾತ್ರ ಮಾಡಿ ಇದನ್ನು ಬಿಡುವುದು ಸಾಮಾನ್ಯ ತಪ್ಪು.

ಬೇರೆ ತಪ್ಪುಗಳು: ಕೆಳಗೆ ತಲುಪಿ ಪುಟಿದು ಏಳುವುದು, ದಣಿದಾಗ ಮಂಡಿ ಬಾಗಿಸಿ ಏರುವುದು, ಭಾರ ಕಿರುಬೆರಳ ಕಡೆ ಜಾರುವುದು. ಹೆಬ್ಬೆರಳ ಬುಡದಲ್ಲಿ ಒತ್ತಿ ಏರಬೇಕು. ಇಳಿಯುವ ವೇಗ ಹಿಡಿತ ತಪ್ಪಿದ ಕೂಡಲೇ ಆ ಸೆಟ್ ಮುಗಿದಂತೆ.

ಕೇಳಿದವರು

ಇವತ್ತು ಮಾಡಿ ನೋಡಿದೆ. ಇಳಿಯುವಾಗ ಹತ್ತಕ್ಕೆ ನಾಲ್ಕರಷ್ಟು ನೋವು. ನಿಲ್ಲಿಸಲೇ? ಮಧ್ಯೆ ಓಡಬಹುದೇ?

ಫಿಸಿಯೊಥೆರಪಿಸ್ಟ್

ನಿಲ್ಲಿಸಬೇಡಿ. ಸಿಲ್ಬರ್ನಾಗೆಲ್ ಬಳಸಿದ ಅಳತೆಯಲ್ಲಿ 5ರವರೆಗೆ ಒಪ್ಪಿಗೆ ಇದೆ, ಷರತ್ತುಗಳ ಮೇಲೆ. ವ್ಯಾಯಾಮ ಮುಗಿದ ಮೇಲೂ 5ರವರೆಗೆ ಇರಬಹುದು, ಮಾರನೇ ಬೆಳಿಗ್ಗೆಗೆ ಇಳಿದಿರಬೇಕು. ವಾರದಿಂದ ವಾರಕ್ಕೆ ನೋವಾಗಲಿ ಬಿಗಿತವಾಗಲಿ ಏರಬಾರದು. ಈ ಟೆಂಡನ್ನಿನ ಸ್ವಭಾವವೇ ತಡವಾಗಿ ದೂರು ಹೇಳುವುದು, ಹಾಗಾಗಿ ಮಾಡುವಾಗಿನ ನೋವಿಗಿಂತ ಮಾರನೇ ಬೆಳಗಿನ ನೋವನ್ನು ಹೆಚ್ಚು ನಂಬಿ. ಎದ್ದ ಕೂಡಲೇ ಹತ್ತು ಹೆಜ್ಜೆ, ಆಮೇಲೆ ಒಂದೇ ಮೆಟ್ಟಿಲಲ್ಲಿ ಐದು ಸಲ ಹಿಮ್ಮಡಿ ಎತ್ತಿ, ಅಂಕ ಬರೆದಿಡಿ. ಹಿಂದಿನ ದಿನ 2 ಇದ್ದದ್ದು 5 ಆದರೆ ಮುಂದಿನ ಸಲ ಭಾರ 20–25 ಶೇಕಡಾ ಇಳಿಸಿ. ವ್ಯಾಯಾಮ ಬಿಡಬೇಡಿ.

ಓಟದ ಕೋಚ್

ನಡೆಯುವಾಗ ನೋವು 2ಕ್ಕಿಂತ ಹೆಚ್ಚಿದ್ದರೆ ಓಟ ಬೇಡ, ಸೈಕಲ್ ಸಾಕು. 2ಕ್ಕೆ ಇಳಿದಿದ್ದರೆ 2 ನಿಮಿಷ ಓಟ, 2 ನಿಮಿಷ ನಡಿಗೆ, ಹತ್ತು ಸುತ್ತು, ಸಮತಟ್ಟು ದಾರಿಯಲ್ಲಿ. ಏರುದಾರಿ, ವೇಗದ ಸ್ಪ್ರಿಂಟ್, ಹಿಮ್ಮಡಿ ತಗ್ಗಿದ ತೆಳು ಶೂ, ಈ ಮೂರೂ ಟೆಂಡನ್ ಎಳೆತ ಹೆಚ್ಚಿಸುತ್ತವೆ. ಕೊನೆಗೆ ಒಂದೊಂದಾಗಿ ಸೇರಿಸಿ, ಒಂದೇ ವಾರದಲ್ಲಿ ಎರಡನ್ನು ಸೇರಿಸಬೇಡಿ. ಕ್ರೀಡೆಗೆ ಮರಳುವ ಬಗ್ಗೆ ಸಿಲ್ಬರ್ನಾಗೆಲ್ ಮತ್ತು ಕೇ ಕ್ರಾಸ್ಲಿ 2015ರಲ್ಲಿ ಬರೆದ ಕ್ರಮ ಸರಳ: ಹಗುರ ಓಟ ದಿನವೂ ಆಗಬಹುದು, ಮಧ್ಯಮದ್ದಕ್ಕೆ ಎರಡು ದಿನದ ಅಂತರ, ಬಿರುಸಿನದಕ್ಕೆ ಮೂರು ದಿನ. ಭಾರದ ವ್ಯಾಯಾಮವೂ ಓಟವೂ ಒಂದೇ ದಿನ ಬೀಳುವಂತೆ ಜೋಡಿಸಿದರೆ ಬಿಡುವಿನ ದಿನ ನಿಜಕ್ಕೂ ಬಿಡುವಾಗಿ ಉಳಿಯುತ್ತದೆ. ಓಟ ಮೊದಲು, ಭಾರ ಆಮೇಲೆ.

ಶೂ ಒಳಗೆ ಹಿಮ್ಮಡಿ ಎತ್ತರಿಸುವ ತುಂಡು ಹಾಕುವುದನ್ನು ಕೈಬಿಡಬೇಡಿ. 2021ರ ಆಸ್ಟ್ರೇಲಿಯದ ಪ್ರಯೋಗದಲ್ಲಿ 12 ಮಿ.ಮೀ. ಎತ್ತರದ ತುಂಡು ಹಾಕಿದವರು 12 ವಾರಕ್ಕೆ, ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಎರಡೂ ಶೂಗೆ ಹಾಕಿ, ಒಂದಕ್ಕೆ ಮಾತ್ರ ಹಾಕಿದರೆ ಸೊಂಟ ವಾಲುತ್ತದೆ.

ಪುನಶ್ಚೇತನ ಸಂಶೋಧನೆ ಓದಿಸುವವರು

ಆ ಪ್ರಯೋಗವನ್ನು ಓದಿ ವ್ಯಾಯಾಮ ಬಿಟ್ಟವರಿದ್ದಾರೆ, ಅದಕ್ಕೆ ಒಂದು ಮಾತು. ತುಂಡು ಎಳೆತ ಇಳಿಸುತ್ತದೆ, ಮೀನಖಂಡಕ್ಕೆ ಬಲ ಕೊಡುವುದಿಲ್ಲ. ಓಟಕ್ಕೆ ಮರಳಬೇಕಾದವರಿಗೆ ಎರಡೂ ಬೇಕು.

ಇಂಜೆಕ್ಷನ್ ವಿಚಾರಕ್ಕೆ ಬಂದರೆ, ಪಿಆರ್‌ಪಿ ನಡುಭಾಗದ ನೋವಿಗೆ ಎರಡು ಒಳ್ಳೆಯ ಪ್ರಯೋಗಗಳಲ್ಲಿ ಸೋತಿದೆ. 2010ರಲ್ಲಿ ನೆದರ್ಲೆಂಡ್ಸ್‌ನ 54 ಜನರಲ್ಲಿ ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಮೇಲಾಗಲಿಲ್ಲ, 2021ರಲ್ಲಿ ಬ್ರಿಟನ್ನಿನ 240 ಜನರಲ್ಲಿ ಸುಮ್ಮನೆ ಚುಚ್ಚಿದ ಸೂಜಿಗಿಂತ ಮೇಲಾಗಲಿಲ್ಲ. ಸ್ಟೀರಾಯ್ಡ್ ಅಂತೂ ಬೇಡವೇ ಬೇಡ.

ಕ್ರೀಡಾ ವೈದ್ಯರು

ಕೊನೆಯ ವಾಕ್ಯ ಸ್ವಲ್ಪ ಹಳೆಯದಾಯಿತು. 2022ರ ಡೆನ್ಮಾರ್ಕ್ ಪ್ರಯೋಗದಲ್ಲಿ 100 ಜನರಿಗೆ ಭಾರದ ವ್ಯಾಯಾಮದ ಜೊತೆ, ಅಲ್ಟ್ರಾಸೌಂಡ್ ನೋಡಿಕೊಂಡು ಸ್ಟೀರಾಯ್ಡ್ ಅಥವಾ ಹುಸಿ ಔಷಧಿ ಕೊಟ್ಟರು. ಆರು ತಿಂಗಳಿಗೆ ಸ್ಟೀರಾಯ್ಡ್ ಗುಂಪು ಮುಂದಿತ್ತು. ಆದರೆ ಔಷಧಿ ಹೋದದ್ದು ಟೆಂಡನ್ನಿನ ಮುಂದಿನ ಜಾಗಕ್ಕೆ, ಟೆಂಡನ್ ಒಳಕ್ಕಲ್ಲ. ಒಳಕ್ಕೆ ಹೋದರೆ ಹರಿಯುವ ಭಯ ಹಾಗೇ ಇದೆ. ಸ್ಕ್ಯಾನ್ ಇಲ್ಲದೆ ಕೈ ಅಂದಾಜಿನಲ್ಲಿ ಕೊಡುವ ಇಂಜೆಕ್ಷನ್ನಿಗೆ ಒಪ್ಪಬೇಡಿ. ಮೂರು ತಿಂಗಳ ವ್ಯಾಯಾಮ ಫಲ ಕೊಡದಿದ್ದಾಗ ಮಾತಾಡಬೇಕಾದ ವಿಷಯ ಇದು. ಶಾಕ್‌ವೇವ್ (ಚರ್ಮದ ಮೇಲಿಂದ ಕೊಡುವ ಧ್ವನಿತರಂಗದ ಹೊಡೆತ) ಕೂಡ ಅಲ್ಲೇ ಬರುತ್ತದೆ, ಒಂದೇ ಕೊಡುವುದಕ್ಕಿಂತ ವ್ಯಾಯಾಮದ ಜೊತೆ.

ಮೂಳೆಗೆ ಅಂಟಿದ ಜಾಗದ ನೋವಿರುವವರು ಇದನ್ನು ಓದುತ್ತಿದ್ದರೆ: ಮೆಟ್ಟಿಲಂಚು ನಿಮಗಲ್ಲ. ಹಿಮ್ಮಡಿ ಕೆಳಗೆ ಜಗ್ಗಿದಾಗ ಟೆಂಡನ್ ಮೂಳೆಗೆ ಒತ್ತಿ ಉಜ್ಜುತ್ತದೆ. ಸಮನೆಲದ ಮೇಲೇ ಏರಿ, ನೆಲ ಮುಟ್ಟಿದಲ್ಲಿ ನಿಲ್ಲಿಸಿ. ಗೋಡೆಗೆ ಕೈಯಿಟ್ಟು ಮೀನಖಂಡ ಎಳೆಯುವ ಸ್ಟ್ರೆಚ್ ಕೂಡ ಬಿಡಿ. 2008ರಲ್ಲಿ ಸ್ವೀಡನ್ನಿನಲ್ಲಿ ಈ ಒಂದೇ ಬದಲಾವಣೆಯಿಂದ ತೃಪ್ತರಾದವರ ಪ್ರಮಾಣ ಮೂರರಲ್ಲಿ ಎರಡಕ್ಕೆ ಬಂತು, ಮೆಟ್ಟಿಲಿನ ಕ್ರಮದಲ್ಲಿ ಅದು ಮೂರರಲ್ಲಿ ಒಂದಷ್ಟೇ ಇತ್ತು.

ಕೇಳಿದವರು

ಹನ್ನೆರಡು ವಾರದ ನಂತರ ಸ್ಕ್ಯಾನ್ ಮಾಡಿಸಿ ಗಂಟು ಕರಗಿದೆಯೇ ನೋಡಬೇಕೆ?

ಫಿಸಿಯೊಥೆರಪಿಸ್ಟ್

ಬೇಡ. ನೋವು ಪೂರ್ತಿ ಹೋದವರಲ್ಲೂ ದಪ್ಪ ಹಾಗೇ ಉಳಿಯುವುದುಂಟು, ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಬದಲಾವಣೆ ಕಾಣುತ್ತದೆ. ಬದಲಿಗೆ ಎರಡು ಅಳತೆ ಇಟ್ಟುಕೊಳ್ಳಿ: ಅಕಿಲೀಸ್ ನೋವನ್ನೂ ಕಾಲಿನ ಬಳಕೆಯನ್ನೂ ಅಳೆಯುವ ವೀಸಾ-ಎ (VISA-A) ಪ್ರಶ್ನಾವಳಿ, ನೂರಕ್ಕೆ ಅಂಕ, ತಿಂಗಳಿಗೊಮ್ಮೆ, ಮತ್ತು ಒಂಟಿ ಕಾಲಲ್ಲಿ ಎಷ್ಟು ಸಲ ಪೂರ್ತಿ ಎತ್ತರಕ್ಕೆ ಏರಬಲ್ಲಿರಿ, ಎಡ ಬಲ ಎರಡೂ. ಏರುವ ಎತ್ತರ ಕುಗ್ಗಿದ್ದನ್ನು ಎಣಿಸಬೇಡಿ, ತಲೆಗೆ ತಾಗುವಂತೆ ಒಂದು ದಾರ ಕಟ್ಟಿಕೊಂಡರೆ ಮೋಸ ಗೊತ್ತಾಗುತ್ತದೆ. ಹನ್ನೆರಡನೇ ವಾರಕ್ಕೆ ಎಡಗಾಲು ಬಲಗಾಲಿನ 90 ಶೇಕಡಾ ಮುಟ್ಟದಿದ್ದರೆ ಭಾರ ಸಾಲದೇ ಹೋಗಿದೆ ಎಂದು ತಿಳಿದು ಮುಂದುವರಿಸಿ. ಮುಟ್ಟಿದ್ದರೆ ವಾರಕ್ಕೆ ಮೂರು ದಿನದ್ದನ್ನು ಎರಡಕ್ಕೆ ಇಳಿಸಿ, ಓಡುವಷ್ಟು ಕಾಲವೂ ಇಟ್ಟುಕೊಳ್ಳಿ.